ಮುಟ್ಟಬೇಡಿ ಎಂದು ಬರೆದಿದ್ದ ಸಾಲು

ನಿವೃತ್ತಿಯಾದ ಮೇಲೆ ನನ್ನ ಮುಂದೆ ಬಂದ ಮೊದಲ ವೈಜ್ಞಾನಿಕ ಸಮಸ್ಯೆ ಪಕ್ಕದ ಮನೆಯ ಇನ್ವರ್ಟರ್. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ನನ್ನನ್ನು ಬ್ಯಾಟರಿ ಮೇಡಂ ಎಂದೇ ಕರೆಯುತ್ತಾರೆ. ಒಂದು ಬೆಳಿಗ್ಗೆ ಪಕ್ಕದ ಮನೆಯ ಶಾರದಮ್ಮ ಬಂದು, "ಪುಟ್ಟಲಕ್ಷ್ಮಿಯವ್ರೇ, ನೀರು ಹಾಕಿದ್ರೂ ಹತ್ತು ನಿಮಿಷ ನಿಲ್ತಿಲ್ಲ ಕಣ್ರೀ ಇದು. ನೀವು ಜೀವಮಾನ ಪೂರ್ತಿ ಬ್ಯಾಟರಿ ಕೆಲ್ಸಾನೇ ಮಾಡಿದೀರಲ್ಲ, ಸ್ವಲ್ಪ ಬಂದು ನೋಡ್ಬಿಡಿ" ಎಂದರು. ಹೋಗಿ ನೋಡಿದೆ. ಅದು ಕಪ್ಪಗಿತ್ತು, ಭಾರವಾಗಿತ್ತು. ಇದಕ್ಕಿಂತ ಹೆಚ್ಚು ನನಗೇನೂ ತಿಳಿಯಲಿಲ್ಲ. ನಿಜ ಹೇಳುತ್ತೇನೆ, ಬ್ಯಾಟರಿ ಸಂಶೋಧಕಿ ಎನಿಸಿಕೊಂಡು ನಿವೃತ್ತಳಾದ ನಾನು ಕೈಯಲ್ಲಿ ಹಿಡಿದ ಬ್ಯಾಟರಿ ಎಂದರೆ ಟಿ.ವಿ. ರಿಮೋಟಿನದು ಮಾತ್ರ.

"ಮತ್ತೆ ಅಷ್ಟು ವರ್ಷ ಏನ್ ಮಾಡ್ತಿದ್ರಿ?" ಎಂದು ಶಾರದಮ್ಮ ಕೇಳಿದರು. ಕೊಂಕಿರಲಿಲ್ಲ, ನಿಜವಾಗಿಯೂ ತಿಳಿಯುವ ಆಸೆಯಿಂದಲೇ ಕೇಳಿದರು.

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರಿಗೂ ಯಾರೋ ಒಂದು ದಿನ ಇದೇ ಪ್ರಶ್ನೆ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಯಾವ ವರ್ಷ ಯಾವ ದರ್ಜೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ, ಅದನ್ನು ಓದಿ ಯಾರಿಗೂ ಪ್ರಯೋಜನವಿಲ್ಲ. ಸೇವಾ ಪುಸ್ತಕದಲ್ಲಿ ಇಲ್ಲದ ಸಂಗತಿ ಒಂದಿದೆ. ನಾನು ಬರೆದ ಒಂದೇ ಒಂದು ಸಾಲಿನಿಂದ ಓಕಳಿಪುರಂನ ಸಂಘಮಿತ್ರ ಎಂಬ ಹುಡುಗಿಯ ನಾಲ್ಕು ವರ್ಷ ಹಾಳಾಯಿತು. ಅವಳ ಡಾಕ್ಟರೇಟ್ ಕೂಡ ಕೈತಪ್ಪಿ ಹೋಗುವುದರಲ್ಲಿತ್ತು. ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ನಡುವೆ ನಗು ಬಂದರೆ ನಕ್ಕುಬಿಡಿ, ನಾವು ನಗಿಸುವಂಥ ಜನವೇ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಮಲ್ಲೇಶ್ವರದ ಕಡೆ, ಮರಗಳು ಜಾಸ್ತಿ, ಜನ ಕಡಿಮೆ ಇರುವ ಆವರಣದಲ್ಲಿ ನಮ್ಮ ಸಂಸ್ಥೆ. ಕೆಳಗಿನ ಮಹಡಿಯಲ್ಲಿ ಪ್ರಯೋಗ ಮಾಡುವವರು, ಮೇಲಿನ ಮಹಡಿಯಲ್ಲಿ ಲೆಕ್ಕ ಹಾಕುವವರು. ನಾನು ಮೇಲಿನವಳು. ಒಂದು ಅಣು ಒಂದು ಮೇಲ್ಮೈಗೆ ಹೋಗಿ ಅಂಟಿಕೊಂಡರೆ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಂಡುಹಿಡಿಯುವುದು ನಮ್ಮ ಕಸುಬು. ಒಂದು ಪೆಟ್ಟಿಗೆ ಕಲ್ಪಿಸಿಕೊಳ್ಳಬೇಕು. ಅದರ ತಳದಲ್ಲಿ ಪರಮಾಣುಗಳನ್ನು ಚಪ್ಪಡಿಯಂತೆ ಹಾಸಬೇಕು. ಚಪ್ಪಡಿಯ ಮೇಲೆ ಅಣುವನ್ನು ಕೂರಿಸಬೇಕು. ಆಮೇಲೆ ಕಂಪ್ಯೂಟರಿಗೆ ಅಪ್ಪಣೆ ಕೊಟ್ಟು ಕಾಫಿಗೆ ಹೋಗಬೇಕು.

ಇದರಲ್ಲಿ ಒಂದು ಕಿತಾಪತಿ ಇದೆ. ಕಂಪ್ಯೂಟರಿಗೆ ಅಂಚು ಎಂದರೆ ಆಗದು. ಹಾಗಾಗಿ ಅದು ನಾವು ಕೊಟ್ಟ ಪೆಟ್ಟಿಗೆಯಂಥದೇ ಪೆಟ್ಟಿಗೆಗಳು ಅಕ್ಕಪಕ್ಕದಲ್ಲೂ ಮೇಲೆ ಕೆಳಗೂ ಕೊನೆಯಿಲ್ಲದೆ ಜೋಡಿಸಿವೆ ಎಂದು ತಿಳಿದುಕೊಳ್ಳುತ್ತದೆ. ಅಂದರೆ ನಮ್ಮ ಅಣುವಿನ ತಲೆಯ ಮೇಲೆ ಒಂದಿಷ್ಟು ಖಾಲಿ ಜಾಗ, ಅದರ ಮೇಲೆ ಮತ್ತದೇ ಚಪ್ಪಡಿಯ ಅಡಿಭಾಗ. ಮಹಡಿಯ ಮೇಲೆ ಮಹಡಿ ಕಟ್ಟಿದ ವಠಾರದ ಹಾಗೆ. ಖಾಲಿ ಜಾಗದ ಎತ್ತರ ಧಾರಾಳವಾಗಿರಬೇಕು. ಇಲ್ಲದಿದ್ದರೆ ಅಣು ಕೆಳಗಿನ ನೆಲವನ್ನಷ್ಟೇ ಅಲ್ಲ, ಮೇಲಿನ ಚಾವಣಿಯನ್ನೂ ಹಿಡಿದುಕೊಂಡು ನಿಂತುಬಿಡುತ್ತದೆ. ಆಗ ಅದು ನೆಲಕ್ಕೆ ಬಹಳ ಗಟ್ಟಿಯಾಗಿ ಅಂಟಿದೆ ಎಂದು ಲೆಕ್ಕ ಸುಳ್ಳು ಹೇಳುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಉಳಿದ ಕ್ವಾಂಟಂ ಶಾಸ್ತ್ರ ನಿಮಗೆ ಬೇಡ. ನಮ್ಮಲ್ಲಿ ಅನೇಕರಿಗೂ ಬೇಕಾಗಿರಲಿಲ್ಲ.

ನಾನು ಸೇರಿದಾಗ ಇಡೀ ವಿಭಾಗಕ್ಕೆ ಒಂದೇ ದೊಡ್ಡ ಯಂತ್ರ. ಒಂದು ಲೆಕ್ಕ ಮುಗಿಯಲು ತಿಂಗಳುಗಳು ಹಿಡಿಯುತ್ತಿದ್ದವು. ನಮ್ಮ ಸರದಿ ಬರುವುದರೊಳಗೆ ಕೆಲವರಿಗೆ ಮದುವೆಯಾಗಿ ಮಕ್ಕಳಾಗುತ್ತಿದ್ದವು. ಈಗ ಅದೇ ಲೆಕ್ಕ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ. ಇತ್ತೀಚೆಗೆ ಯಂತ್ರವೇ ಕಲಿತುಕೊಂಡು ಉತ್ತರ ಊಹಿಸುವ ವಿಧಾನಗಳೂ ಬಂದಿವೆ. ಹಿಂದೆ ಒಂದು ತಪ್ಪು ಮಾಡಲು ನಾಲ್ಕು ತಿಂಗಳು ಕಾಯಬೇಕಿತ್ತು, ಈಗಿನವರು ಒಂದೇ ಮಧ್ಯಾಹ್ನ ನೂರಾರು ಮಾಡಬಹುದು. ಪ್ರಗತಿ ಆಗಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ.

ಮೊದಲು ನಮ್ಮದು ಮೇಲ್ಮೈ ವಿಜ್ಞಾನ ಎಂದಿತ್ತು. ಬ್ಯಾಟರಿಯ ಗಾಳಿ ಬೀಸಿದಾಗ ಬಾಗಿಲ ಮೇಲಿನ ಬೋರ್ಡು ಬದಲಾಯಿತು, ಒಳಗೆ ಅದೇ ಚಪ್ಪಡಿ, ಅದೇ ಜನ.

ಆ ಜನಕ್ಕೆಲ್ಲ ಯಜಮಾನರು ನಮ್ಮ ದೊಡ್ಡ ಸರ್. ಹೆಸರು ಬರೆಯುವುದಿಲ್ಲ, ಕಾರಿಡಾರಿನಲ್ಲಿ ನಾವು ಕರೆಯುತ್ತಿದ್ದುದೇ ಹಾಗೆ. ಎತ್ತರದ ಆಳು, ಇಸ್ತ್ರಿ ಕೆಡದ ಅಂಗಿ, ಬಸವನಗುಡಿಯ ಸ್ವಂತ ಮನೆಯಿಂದ ಬೆಳಿಗ್ಗೆ ಎಂಟಕ್ಕೆ ಬಂದರೆ ಸಂಜೆಯವರೆಗೆ ಯಾವ ಫೈಲನ್ನೂ ತೆರೆಯುತ್ತಿರಲಿಲ್ಲ. ತೆರೆಯುವ ಅಗತ್ಯವಿಲ್ಲದಷ್ಟು ದೊಡ್ಡವರಾಗಿದ್ದರು. ಉತ್ತರ ಚೆನ್ನಾಗಿ ಬಂದರೆ, "ನೋಡಿದ್ರಾ, ನಾನ್ ಹೇಳ್ಲಿಲ್ವಾ?" ಎನ್ನುತ್ತಿದ್ದರು. ಕೆಟ್ಟದಾಗಿ ಬಂದರೆ, "ಇನ್ನೊಂದ್ಸಲ ಹಾಕಿ ನೋಡಿ" ಎನ್ನುತ್ತಿದ್ದರು. ಅವರ ಬಾಯಲ್ಲಿ ನಾನು ಕೇಳಿದ ವಿಮರ್ಶೆ ಈ ಎರಡೇ ವಾಕ್ಯ. ಎರಡರಲ್ಲೇ ಅವರು ಮೂರು ಪ್ರಶಸ್ತಿ ಪಡೆದರು.

ನಮ್ಮಲ್ಲಿ ಒಂದು ಪದ್ಧತಿಯಿತ್ತು, ಎಲ್ಲ ಕಡೆಯೂ ಇದೆ ಎಂದು ಕೇಳಿದ್ದೇನೆ. ಕಂಪ್ಯೂಟರಿಗೆ ಪೆಟ್ಟಿಗೆಯ ಅಳತೆಗಳನ್ನೆಲ್ಲ ಹೇಳಲು ಒಂದು ಫೈಲು ಬೇಕು. ಅದನ್ನು ಹೊಸದಾಗಿ ಯಾರೂ ಬರೆಯುವುದಿಲ್ಲ. ಹೆಪ್ಪಿಗೆ ಪಕ್ಕದ ಮನೆಯಿಂದ ಮೊಸರು ತರುವ ಹಾಗೆ ಹಿರಿಯರಿಂದ ಇಸಿದುಕೊಂಡು, ಅಣುವಿನ ಹೆಸರು ಬದಲಿಸಿ, ಉಳಿದದ್ದನ್ನು ಹಾಗೇ ಬಿಡುತ್ತಾರೆ. ನಮ್ಮ ವಿಭಾಗದ ಮೂಲ ಫೈಲಿನಲ್ಲಿ ಖಾಲಿ ಜಾಗದ ಎತ್ತರ ಹೇಳುವ ಸಾಲಿನ ಪಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಷರಾ ಇತ್ತು: "ಸದ್ಯಕ್ಕೆ ಹೀಗೇ ಇರಲಿ, ಮುಟ್ಟಬೇಡಿ." ಯಾರು ಬರೆದದ್ದೆಂದು ಯಾರಿಗೂ ಗೊತ್ತಿರಲಿಲ್ಲ. ವಿದ್ಯಾರ್ಥಿಗಳು ದೊಡ್ಡ ಸರ್ ಬರೆದದ್ದೆಂದು ನಂಬಿದ್ದರು. ಒಬ್ಬ ಹುಡುಗ ಧೈರ್ಯ ಮಾಡಿ ಅವರನ್ನೇ ಕೇಳಿದ. ಅವರು ಮುಗುಳ್ನಕ್ಕು, "ಅನುಭವದಿಂದ ಬಂದ ಅಂಕಿ ಕಣಪ್ಪ ಅದು" ಎಂದರು. ಆಮೇಲೆ ಅದಕ್ಕೆ ಶಾಸನದ ಕಳೆ ಬಂತು. ಹೊರದೇಶದಿಂದ ಬಂದ ಅತಿಥಿ ಸಂಶೋಧಕರೊಬ್ಬರು ಷರಾ ಸಮೇತ ಆ ಫೈಲನ್ನು ತೆಗೆದುಕೊಂಡು ಹೋದರು. ಮಂಜು ಬೀಳುವ ಯಾವುದೋ ಊರಿನ ಕಂಪ್ಯೂಟರಿನಲ್ಲಿ ಈಗಲೂ ಕನ್ನಡದಲ್ಲಿ ಮುಟ್ಟಬೇಡಿ ಎಂದು ಇರಬಹುದು.

ನಮ್ಮ ಶ್ರದ್ಧೆ ಫೈಲಿಗಷ್ಟೇ ಸೀಮಿತವಾಗಿರಲಿಲ್ಲ. ಪ್ರತಿ ವರ್ಷ ಆಯುಧ ಪೂಜೆಯ ದಿನ ಕಂಪ್ಯೂಟರ್ ಕೋಣೆಗೆ ಪೂಜೆ. ಹಿಂದಿನ ಸಂಜೆ ಕೃಷ್ಣರಾಜ ಮಾರುಕಟ್ಟೆಯಿಂದ ಸೇವಂತಿಗೆ ಹಾರ, ಬಾಳೆಕಂದು, ಬೂದುಗುಂಬಳ ತರುವ ಹೊಣೆ ನನ್ನದು, ಏಕೆಂದರೆ ಮನೆಗೆ ಹೋಗುವ ನನ್ನ ಬಸ್ಸು ಅಲ್ಲಿಯೇ ನಿಲ್ಲುತ್ತಿತ್ತು. ಧೂಳಿನ ಕಣವೂ ಒಳಗೆ ಬರಬಾರದೆಂದು ಚಪ್ಪಲಿ ಬಿಡಿಸುತ್ತಿದ್ದ ಕೋಣೆ ಅದು. ಒಂದು ವರ್ಷ ದೊಡ್ಡ ಸರ್ ಯಂತ್ರದ ಮುಂದೆ ನಿಂತು ಒಂದು ಹಿಡಿ ಕುಂಕುಮ ಎರಚಿದರು. ಫ್ಯಾನುಗಳು ಅದನ್ನು ಭಕ್ತಿಯಿಂದ ಒಳಗೆಳೆದುಕೊಂಡವು. ಅದರ ಮೇಲೆ ಕರ್ಪೂರದಾರತಿ. ಹೊಗೆ ಕಂಡ ಕೂಡಲೇ ಗೋಡೆಯ ಸೈರನ್ ಕೂಗಿಕೊಂಡಿತು, ಬೆಂಕಿ ಆರಿಸುವ ಅನಿಲ ಬುಸ್ಸೆಂದು ಹೊರಬಂತು, ನಾವೆಲ್ಲ ಕೋಸಂಬರಿ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದೆವು. ಯಂತ್ರ ಹನ್ನೊಂದು ದಿನ ಮಲಗಿತು. ಅದರ ಹೊಟ್ಟೆಯಿಂದ ಕುಂಕುಮ ತೆಗೆಯಲು ಬಂದ ಎಂಜಿನಿಯರು ಕೆಂಪಾದ ಅಂಗೈ ನೋಡಿಕೊಂಡು ಸೋಪು ಕೇಳಿದರು. ಆ ಹನ್ನೊಂದು ದಿನಗಳಲ್ಲಿ ಒಬ್ಬರೂ ದೊಡ್ಡ ಸರ್ ಕೈ ಶುದ್ಧವಿಲ್ಲ ಎನ್ನಲಿಲ್ಲ. ಈ ಮಾತನ್ನು ಇಲ್ಲಿ ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಇನ್ನು ನಮಗೆ ಹೆಸರು ತಂದ ಕೆಲಸ. ಬ್ಯಾಟರಿಯೊಳಗೆ ಒಂದು ದ್ರವವಿರುತ್ತದೆ. ಚಾರ್ಜ್ ಮಾಡಿ ಬಳಸಿ ಮಾಡುತ್ತ ಹೋದಂತೆ ಆ ದ್ರವ ಒಳಗಿನ ಪುಡಿಯ ಮೇಲ್ಮೈಗೆ ತಾಗಿ ತಾಗಿ ಕೆಡುತ್ತದೆ, ಬ್ಯಾಟರಿ ಸಾಯುತ್ತದೆ. ದ್ರವಕ್ಕೆ ಇನ್ನೊಂದು ಜಾತಿಯ ಅಣುವನ್ನು ಸ್ವಲ್ಪ ಬೆರೆಸಿದರೆ, ಅದು ಪುಡಿಯ ಮೇಲ್ಮೈಯನ್ನು ಗಟ್ಟಿಯಾಗಿ ಹಿಡಿದು ಕಾವಲು ನಿಂತರೆ, ದ್ರವ ಉಳಿಯುತ್ತದೆ. ಅಂಥ ಕಾವಲಿನ ಅಣು ನಮಗೆ ಸಿಕ್ಕಿತು. ಲೆಕ್ಕ ಹಾಕಿದವಳು ನಾನು. ಹಿಡಿತ ಎಷ್ಟು ಗಟ್ಟಿಯಾಗಿ ಬಂತೆಂದರೆ ನನಗೇ ಹೆಮ್ಮೆಯಿಂದ ಎದೆಯುಬ್ಬಿತು. ದೊಡ್ಡ ಸರ್ "ನಾನ್ ಹೇಳ್ಲಿಲ್ವಾ?" ಎಂದರು. ಪ್ರಬಂಧ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಖಾಲಿ ಜಾಗದ ಬಗ್ಗೆ "ಸಾಕಷ್ಟು ಎತ್ತರ ಬಿಡಲಾಗಿದೆ" ಎಂದು ಬರೆದಿದ್ದೆವು. ಎಷ್ಟು ಎಂದು ನೋಡಲು ಹೋಗದೆ ಇರುವವರು ಬಳಸುವ ಪದ ಅದು. ನಂಬಿ, ಅರ್ಧ ಪ್ರಪಂಚದ ಪ್ರಬಂಧಗಳಲ್ಲಿ ಅದಿದೆ.

ದಿನಪತ್ರಿಕೆಯವರು ಬಂದು ಫೋಟೋ ತೆಗೆದರು. ದೊಡ್ಡ ಸರ್ ಕೈಯಲ್ಲಿ ಒಂದು ಸ್ಕೂಟರ್ ಬ್ಯಾಟರಿ ಕೊಟ್ಟು ನಿಲ್ಲಿಸಿದರು. ಅದು ನಮ್ಮ ವಾಚ್‌ಮನ್‌ನ ಸ್ಕೂಟರಿನದು. ಮರುದಿನ "ಎಂದೂ ಸಾಯದ ಬ್ಯಾಟರಿ: ಬೆಂಗಳೂರು ವಿಜ್ಞಾನಿಗಳ ಸಾಧನೆ" ಎಂದು ಬಂತು. ಅದೇ ವಾರ ನಮ್ಮ ಕಂಪ್ಯೂಟರ್ ಕೋಣೆಯ ಯು.ಪಿ.ಎಸ್. ಬ್ಯಾಟರಿಗಳು ಊದಿಕೊಂಡು ಸತ್ತಿದ್ದವು. ಕರೆಂಟು ಹೋದಾಗಲೆಲ್ಲ ನಮ್ಮ ಲೆಕ್ಕಗಳು ನಡುವಿನಲ್ಲೇ ನಿಲ್ಲುತ್ತಿದ್ದವು. ಶಾರದಮ್ಮ ಆ ಪತ್ರಿಕೆಯ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದರು ಎಂದು ಈಚೆಗೆ ಗೊತ್ತಾಯಿತು. ಇನ್ವರ್ಟರ್ ನನ್ನ ಹತ್ತಿರ ಬಂದದ್ದು ಅದರಿಂದಲೇ.

ಲೆಕ್ಕದಲ್ಲಿ ಬಂದದ್ದನ್ನು ಕೆಳಗಿನ ಮಹಡಿಯಲ್ಲಿ ಮಾಡಿ ತೋರಿಸುವ ಕೆಲಸ ಸಂಘಮಿತ್ರಳ ಪಾಲಿಗೆ ಬಂತು. ದೊಡ್ಡ ಸರ್ ಕೈಕೆಳಗೆ ಡಾಕ್ಟರೇಟಿಗೆ ಸೇರಿದ್ದ ಹುಡುಗಿ. ತಂದೆ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಸಣ್ಣ ಮೈಕಟ್ಟು, ದೊಡ್ಡ ಧ್ವನಿ. ಟ್ರೈನಿನ ಸದ್ದಿನಲ್ಲಿ ಮಾತಾಡಿ ಅಭ್ಯಾಸವಾಗಿಬಿಟ್ಟಿದೆ ಎಂದು ಅವಳೇ ನಗುತ್ತಿದ್ದಳು. ಗಾಳಿಯ ತೇವ ತಾಗದಂತೆ ಗಾಜಿನ ಮುಚ್ಚಿದ ಪೆಟ್ಟಿಗೆಯೊಳಗೆ ಉದ್ದನೆಯ ರಬ್ಬರ್ ಗ್ಲೋವ್ಸ್‌ನಲ್ಲಿ ಕೈ ತೂರಿಸಿ, ಕೈಗಡಿಯಾರದ ಸೆಲ್ಲಿನಂಥ ಪುಟ್ಟ ಬಟನ್ ಸೆಲ್ಲುಗಳನ್ನು ಕಟ್ಟುವುದು ಅವಳ ಕೆಲಸ. ಕಾವಲಿನ ಅಣು ಹಾಕಿದ ಸೆಲ್ಲು ಬಹುಕಾಲ ಬಾಳಬೇಕಿತ್ತು. ಹಾಕಿದವೂ ಸತ್ತವು, ಹಾಕದವೂ ಸತ್ತವು, ಹೆಚ್ಚುಕಡಿಮೆ ಒಂದೇ ದಿನ.

"ನಿನ್ ಕೈ ಶುದ್ಧ ಇಲ್ಲಮ್ಮ" ಎಂದರು ದೊಡ್ಡ ಸರ್. "ಎಲ್ಲೋ ತೇವ ಸೇರ್ಕೊಳ್ತಿದೆ. ಎಲ್ಲಾ ತೊಳೆದು ಮತ್ತೆ ಮಾಡು."

ಅವಳು ತೊಳೆದಳು. ಗಾಜಿನ ಸಾಮಾನು, ಚಿಮಟ, ತಟ್ಟೆ, ಮೊಣಕೈವರೆಗೆ ಕೈ. ಆಲ್ಕೊಹಾಲಿನಲ್ಲಿ ಉಜ್ಜಿ ಉಜ್ಜಿ ಬೆರಳ ಸಂದಿಗಳು ಬಿರಿದು ರಕ್ತ ಬರುತ್ತಿತ್ತು. ಮತ್ತೆ ಸೆಲ್ಲು ಕಟ್ಟಿದಳು, ಮತ್ತೆ ಸತ್ತವು. ಪ್ರತಿ ವರ್ಷದ ಪರಿಶೀಲನೆಯಲ್ಲಿ ಅವಳ ವರದಿಯ ಮೇಲೆ ಅದೇ ಮಾತು ಬೇರೆ ಬೇರೆ ಇಂಗ್ಲಿಷಿನಲ್ಲಿ ಬಂತು. ಅದೇ ಪ್ರಯೋಗಶಾಲೆಯಲ್ಲಿ ಇನ್ನೊಬ್ಬ ಹುಡುಗನ ಸೆಲ್ಲುಗಳೂ ಸಾಯುತ್ತಿದ್ದವು. ಅವನಿಗೆ ಮಾತ್ರ ದೊಡ್ಡ ಸರ್, "ಸಾಮಾನು ಸರಿ ಇಲ್ಲ ಅನ್ಸುತ್ತೆ, ಬೇರೆ ಕಂಪನೀದು ತರಿಸೋಣ" ಎಂದರು. ಈ ವ್ಯತ್ಯಾಸ ನನ್ನ ಕಿವಿಗೆ ಬಿದ್ದಿತ್ತು. ಕಿವಿಗೆ ಬಿದ್ದದ್ದನ್ನೆಲ್ಲ ತಲೆಗೆ ಹಚ್ಚಿಕೊಂಡರೆ ಸಂಸ್ಥೆಯಲ್ಲಿ ಬದುಕುವುದಕ್ಕಾಗುವುದಿಲ್ಲ ಎಂದು ನಾನು ಸುಮ್ಮನಿದ್ದೆ. ನಮ್ಮ ಲೆಕ್ಕ ತಪ್ಪಿರಬಹುದು ಎಂಬ ಯೋಚನೆ ಮೇಲಿನ ಮಹಡಿಯಲ್ಲಿ ಯಾರಿಗೂ ಬರಲಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ತೇವವಿಲ್ಲ, ಧೂಳಿಲ್ಲ, ಮನುಷ್ಯರ ಕೈಯಿಲ್ಲ.

ನಾಲ್ಕನೆಯ ವರ್ಷ ಕೊನೆಯಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ನನ್ನ ಕೋಣೆಗೆ ಬಂದಳು. ಕೈಯಲ್ಲಿ ನೋಟ್‌ಬುಕ್ಕು.

"ಮೇಡಂ, ಬರೋ ತಿಂಗಳು ಕಮಿಟಿ ಮುಂದೆ ನನ್ ಸೆಮಿನಾರ್ ಇದೆ. ಈ ಸಲನೂ ರಿಸಲ್ಟ್ ಬರ್ಲಿಲ್ಲ ಅಂದ್ರೆ ನನ್ ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡ್ಬೇಕು ಅಂತ ಸರ್ ಬರೆದಿದಾರೆ. ನಿಮ್ ಲೆಕ್ಕಾನ ನಾನೊಂದ್ಸಲ ನೋಡ್ಬಹುದಾ?"

ನನಗೆ ರೇಗಿತು. ಕೆಳಗಿನ ಮಹಡಿಯವರು ಮೇಲೆ ಬಂದು ಲೆಕ್ಕ ನೋಡುತ್ತೇನೆ ಎನ್ನುವುದು ಅಡುಗೆಮನೆಗೆ ನೆಂಟರು ನುಗ್ಗಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಆದರೂ ತೆರೆದು ತೋರಿಸಿದೆ. ಪರದೆಯ ಮೇಲೆ ಅಂದವಾದ ಚಪ್ಪಡಿ, ಅದರ ಮೇಲೆ ಅಣು. ಪ್ರಬಂಧದಲ್ಲೂ ಪ್ರಶಸ್ತಿಯ ಸಮಾರಂಭದಲ್ಲೂ ಇದೇ ಚಿತ್ರ ಹಾಕಿದ್ದೆವು.

ಅವಳು ಬಹಳ ಹೊತ್ತು ನೋಡಿದಳು. "ಇದ್ರ ಮೇಲೆ ಏನಿದೆ ಮೇಡಂ?"

"ಏನೂ ಇಲ್ಲ. ಖಾಲಿ."

"ಎಷ್ಟು ಖಾಲಿ?"

"ಸಾಕಷ್ಟು" ಎಂದೆ.

"ಅಲ್ಲ, ಯಾಕ್ ಕೇಳ್ದೆ ಅಂದ್ರೆ, ನಮ್ಮನೇಲಿ ಮೇಲೆ ಅಟ್ಟ ಇದೆ. ಹೊಸಬ್ರು ಯಾರ್ ಬಂದ್ರೂ ಮೊದ್ಲು ಒಂದ್ಸಲ ತಲೆ ಹೊಡಿಸ್ಕೊಳ್ತಾರೆ. ಈ ಅಣು ಉದ್ದ ಇದೆ ಅಲ್ವಾ, ಅದಕ್ಕೆ."

"ಸಂಘಮಿತ್ರ, ಇದು ದೊಡ್ಡ ಪತ್ರಿಕೆಯವರು ಒಪ್ಪಿರೋ ಲೆಕ್ಕ. ನೀನು ಹೋಗಿ ಸೆಲ್ಲು ಸರಿಯಾಗಿ ಕಟ್ಟು. ಸ್ವಲ್ಪ ಕೈ ಶುದ್ಧವಾಗಿಟ್ಕೋ."

ಹೌದು, ನಾನೂ ಹೇಳಿದೆ. ಅವಳು ಎದ್ದು ನಿಂತಳು. ಧ್ವನಿ ಏರಿಸಲಿಲ್ಲ. "ನಮ್ ತಾತನ ಕಾಲದಲ್ಲೂ ಇದೇ ಮಾತು ಹೇಳ್ತಿದ್ರಂತೆ ಮೇಡಂ. ಆವಾಗ ಗ್ಲೋವ್ಸ್ ಇರ್ಲಿಲ್ಲ, ಅಷ್ಟೇ" ಎಂದು ಹೇಳಿ ಹೊರಟುಹೋದಳು.

ನಾನು ಹೇಳಿದ್ದು ಸರಿ ಎಂದು ನನಗೇ ತೋರಿಸಿಕೊಳ್ಳಬೇಕೆನಿಸಿತು. ಪೆಟ್ಟಿಗೆಯನ್ನು ಒಂದರ ಮೇಲೊಂದು ಜೋಡಿಸಿ ತೋರಿಸುವ ಒಂದು ಗುಂಡಿ ಆ ಚಿತ್ರದ ತಂತ್ರಾಂಶದಲ್ಲಿದೆ. ಮೊದಲಿನಿಂದಲೂ ಇತ್ತು. ಚಿತ್ರ ಅಂದಗೆಡುತ್ತದೆ ಎಂದು ನಾವ್ಯಾರೂ ಒತ್ತುತ್ತಿರಲಿಲ್ಲ. ಒತ್ತಿದೆ. ಚಪ್ಪಡಿ, ಅಣು, ಅದರ ನೆತ್ತಿಗೆ ತಾಗಿಕೊಂಡಂತೆ ಇನ್ನೊಂದು ಚಪ್ಪಡಿ. ನಮ್ಮ ಪ್ರಖ್ಯಾತ ಕಾವಲುಗಾರ ಎರಡೂ ಕೈಯಲ್ಲಿ ಚಾವಣಿ ಹಿಡಿದುಕೊಂಡು ನೇತಾಡುತ್ತಿದ್ದ.

ಫೈಲು ತೆರೆದೆ. ಎತ್ತರದ ಸಾಲು, ಪಕ್ಕದಲ್ಲಿ ಷರಾ. ಆ ಅಂಕಿ ಎಲ್ಲಿಂದ ಬಂತೆಂದು ಹುಡುಕಲು ಬೀರುವಿನಿಂದ ನನ್ನ ಹಳೆಯ ನೋಟ್‌ಬುಕ್ಕುಗಳನ್ನು ಹೊರತೆಗೆದೆ. ಕೆಲಸಕ್ಕೆ ಸೇರಿದ ಹೊಸತರ ಪುಸ್ತಕದಲ್ಲಿ, ನನ್ನದೇ ಅಕ್ಷರದಲ್ಲಿ ಇತ್ತು: "ಯಂತ್ರದ ಮೆಮೊರಿಯಲ್ಲಿ ಜಾಗ ಸಾಲದು. ಚಿಕ್ಕ ಅಣುವೇ ತಾನೆ, ಎತ್ತರ ಇಳಿಸಿದೆ. ಯಾರೂ ಬದಲಿಸದಂತೆ ಷರಾ ಹಾಕಿದೆ. ಸೋಮವಾರ ಮೊದಲಿನಂತೆ ಮಾಡಬೇಕು."

ಆ ಸೋಮವಾರ ಅಕ್ಕನ ಮಗುವಿನ ನಾಮಕರಣವಿತ್ತು, ರಜೆ ಹಾಕಿದ್ದೆ. ಮಂಗಳವಾರ ಮರೆತಿದ್ದೆ. ಎರಡು ಪರಮಾಣುಗಳ ಪುಟ್ಟ ಅಣುವಿಗೆ ಆ ಎತ್ತರ ಹೇಗೋ ಸಾಕಾಗಿತ್ತು. ಬ್ಯಾಟರಿಯ ಉದ್ದನೆಯ ಅಣು ಬಂದಾಗಲೂ ಅದೇ ಗೂಡಿನಲ್ಲಿ ತುರುಕಿದ್ದೆವು. ನನ್ನ ಷರಾವನ್ನು ನಾನೇ ವಿದ್ಯಾರ್ಥಿಗಳಿಗೆ ತೋರಿಸಿ, "ಹಿರಿಯರು ಬರೆದದ್ದು, ಕಾರಣ ಇಲ್ಲದೆ ಬರೆದಿರಲ್ಲ" ಎಂದು ಪಾಠ ಹೇಳಿದ್ದೆ.

ಎತ್ತರ ಹೆಚ್ಚಿಸಿ ಮತ್ತೆ ಲೆಕ್ಕ ಹಾಕಿದೆ. ಪೆಟ್ಟಿಗೆ ದೊಡ್ಡದಾದ್ದರಿಂದ ಎರಡು ದಿನ ಹಿಡಿಯಿತು. ಅಣು ಚಪ್ಪಡಿಯನ್ನು ಬಿಟ್ಟು ಮೇಲಕ್ಕೆ ಹೋಗಿ ನಿಂತಿತು. ಅದು ಕಾವಲೂ ಅಲ್ಲ ಏನೂ ಅಲ್ಲ, ದಾರಿಹೋಕ. ಸಂಘಮಿತ್ರಳ ಸೆಲ್ಲುಗಳು ನಾಲ್ಕು ವರ್ಷದಿಂದ ಅದನ್ನೇ ಹೇಳುತ್ತಿದ್ದವು.

ಇಲ್ಲಿ ನಾನು ತಕ್ಷಣ ಕೆಳಗಿನ ಮಹಡಿಗೆ ಓಡಿಹೋದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಓಡಲಿಲ್ಲ. ಹದಿನೇಳು ದಿನ ಸುಮ್ಮನಿದ್ದೆ. ನಿವೃತ್ತಿಗೆ ಒಂದು ವರ್ಷವಿತ್ತು. ಜನ ನನ್ನನ್ನು ಬಲ್ಲದ್ದು ಆ ಒಂದು ಪ್ರಬಂಧದಿಂದ. ಮೊದಲು ದೊಡ್ಡ ಸರ್‌ಗೆ ಹೇಳೋಣ ಎಂದುಕೊಂಡೆ, ಅವರು ಊರಲ್ಲಿರಲಿಲ್ಲ. ಬಂದಾಗ ಕೆಲಸದಲ್ಲಿದ್ದರು. ಬಿಡುವಾದಾಗ ನನಗೆ ತಲೆನೋವು. ನೆಪಗಳು ಎಷ್ಟು ಬೇಕಾದರೂ ಸಿಗುತ್ತವೆ. ದಿನವೂ ಬಸ್ಸು ಮೆಜೆಸ್ಟಿಕ್ ದಾಟಿ ಓಕಳಿಪುರಂ ಸ್ಟಾಪಿನಲ್ಲಿ ನಿಲ್ಲುವಾಗ ಕಿಟಕಿಯಿಂದ ಮುಖ ಒಳಕ್ಕೆ ತೆಗೆದುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಕೆಳಗಿನ ಮಹಡಿಯ ಬಾಗಿಲಲ್ಲಿ ಹಾದುಹೋಗುವಾಗ ನಲ್ಲಿಯ ಸದ್ದು ಕೇಳಿಸಿತು. ಅವಳು ಇನ್ನೂ ತೊಳೆಯುತ್ತಿದ್ದಳು. ನಾನು ಒಳಗೆ ಹೋಗಲಿಲ್ಲ. ನನಗೆ ನಾಚಿಕೆಯಾಗುತ್ತದೆ, ಅದಕ್ಕಿಂತ ಒಳ್ಳೆಯ ಮಾತು ಸಿಕ್ಕಿಲ್ಲ.

ಸೆಮಿನಾರಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಮಿಟಿ ಸೇರಿತು. ಬಾದಾಮಿ ಹಾಲು, ಚೌಚೌ ಇಟ್ಟಿದ್ದರು. ಸಂಘಮಿತ್ರ ನಾಲ್ಕು ವರ್ಷದ ಸತ್ತ ಸೆಲ್ಲುಗಳ ಅಂಕಿಗಳನ್ನು ಒಂದೊಂದಾಗಿ ತೋರಿಸಿದಳು. ಎಲ್ಲವೂ ಒಂದಕ್ಕೊಂದು ಹೊಂದುತ್ತಿದ್ದವು. ಕೈ ಶುದ್ಧವಿಲ್ಲದವರ ಅಂಕಿಗಳು ಹಾಗೆ ಹೊಂದುವುದಿಲ್ಲ, ಒಂದೊಂದು ಸಲ ಒಂದೊಂದು ಕಡೆಗೆ ಎಗರುತ್ತವೆ. ಅಲ್ಲಿ ಕೂತಿದ್ದ ಯಾರಿಗಾದರೂ ಅದು ಕಾಣಬೇಕಿತ್ತು.

"ತುಂಬಾ ಕಷ್ಟಪಟ್ಟಿದಾಳೆ ಹುಡುಗಿ" ಎಂದು ದೊಡ್ಡ ಸರ್ ಶುರುಮಾಡಿದರು. "ಆದ್ರೆ ಥಿಯರಿ ಇಷ್ಟು ಸ್ಪಷ್ಟವಾಗಿರೋವಾಗ ರಿಸಲ್ಟ್ ಬರ್ತಿಲ್ಲ ಅಂದ್ರೆ ಏನರ್ಥ? ಕೆಲವರ್ ಕೈಗೆ ಈ ಕೆಲ್ಸ ಒಗ್ಗಲ್ಲ."

ಅವಳು ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡಳು. ಅದನ್ನು ನೋಡಿ ನಾನು ಎದ್ದು ನಿಂತೆ.

"ಸರ್, ಲೆಕ್ಕ ತಪ್ಪಿದೆ."

"ಯಾವ್ ಲೆಕ್ಕ?"

"ನಮ್ಮದು."

"ಪುಟ್ಟಲಕ್ಷ್ಮಿ, ಕೂತ್ಕೊಳ್ಳಿ, ಆಮೇಲೆ ಮಾತಾಡೋಣ."

"ಆಮೇಲೆ ಅಂತ ಹದಿನೇಳು ದಿನ ಆಯ್ತು ಸರ್" ಎಂದು ಹೇಳಿ ನನ್ನ ಚಿತ್ರವನ್ನು ಪರದೆಗೆ ಹಾಕಿದೆ. ಚಪ್ಪಡಿ, ಅಣು, ಚಾವಣಿ. ಹಳೆಯ ನೋಟ್‌ಬುಕ್ಕಿನ ಪುಟವನ್ನೂ ಓದಿದೆ, ಸೋಮವಾರದವರೆಗೆ. ಯಾರೂ ಚೌಚೌ ಮುಟ್ಟಲಿಲ್ಲ. ದೊಡ್ಡ ಸರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಆಮೇಲೆ, "ಆ ಎತ್ತರದ ಬಗ್ಗೆ ನನಗೆ ಮೊದ್ಲಿಂದಾನೂ ಒಂದು ಅನುಮಾನ ಇತ್ತು" ಎಂದರು. ಅನುಭವದಿಂದ ಬಂದ ಅನುಮಾನವೇ ಇರಬೇಕು.

ಸಂಘಮಿತ್ರ ನನ್ನ ಕಡೆ ನೋಡಿದಳು. ಅದರಲ್ಲಿ ಕೃತಜ್ಞತೆ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಅವಳು ಹದಿನೇಳು ದಿನ ಎಂಬ ಮಾತನ್ನು ಕೇಳಿಸಿಕೊಂಡಿದ್ದಳು.

ಮುಂದೆ ನಡೆದದ್ದು ಸಂಸ್ಥೆಯ ಶಾಸ್ತ್ರೋಕ್ತ ವಿಧಿ. ವಿಷಯ ಪರಿಶೀಲಿಸಲು ಒಂದು ಸಮಿತಿ, ಆ ಸಮಿತಿಯ ವ್ಯಾಪ್ತಿ ನಿರ್ಧರಿಸಲು ಇನ್ನೊಂದು ಸಮಿತಿ. ಎರಡನೆಯದಕ್ಕೆ ದೊಡ್ಡ ಸರ್ ಅಧ್ಯಕ್ಷರು. ತಪ್ಪಿಗೆ "ಗಣನಾ ಪರಿಸರದಲ್ಲಿ ಉಂಟಾದ ಸೂಕ್ಷ್ಮ ವ್ಯತ್ಯಯ" ಎಂಬ ಹೆಸರಿಟ್ಟರು. ಕೇಳಿದರೆ ತಪ್ಪೋ ಸಾಧನೆಯೋ ಗೊತ್ತಾಗಬಾರದು, ಹಾಗೆ. ಮೂಲ ಫೈಲಿನ ಸಾಲು ತಿದ್ದಲು ಲಿಖಿತ ಅನುಮತಿ ಬರುವುದಕ್ಕೇ ಎರಡು ತಿಂಗಳಾಯಿತು. ಸಂಘಮಿತ್ರಳ ರಿಜಿಸ್ಟ್ರೇಷನ್ ಉಳಿಯಿತು. ಅವಳ ಮಹಾಪ್ರಬಂಧವನ್ನು ಹೊರಗಿನ ಪರೀಕ್ಷಕರು ಓದಿ ಮೆಚ್ಚಿದರು. ಡಾಕ್ಟರೇಟ್ ಬಂತು.

ಪತ್ರಿಕೆಗೆ ತಿದ್ದುಪಡಿ ಕಳಿಸಬೇಕಾದಾಗ ನಾನು ಕರಡಿನಲ್ಲಿ ಒಂದು ವಾಕ್ಯ ಸೇರಿಸಿದೆ: ಸಂಘಮಿತ್ರ ಅವರ ಅಳತೆಗಳು ಮೊದಲಿನಿಂದಲೂ ಸರಿಯಾಗಿದ್ದವು. ದೊಡ್ಡ ಸರ್ ಅದನ್ನು ಹೊಡೆದುಹಾಕಿದರು. ನಾನು ಮತ್ತೆ ಬರೆದೆ. "ಇದು ವೈಜ್ಞಾನಿಕ ವಾಕ್ಯ ಅಲ್ಲ" ಎಂದರು. "ಇಡೀ ಪುಟದಲ್ಲಿ ವೈಜ್ಞಾನಿಕವಾಗಿರೋದು ಇದೊಂದೇ ಸರ್" ಎಂದೆ. ಅಷ್ಟು ವರ್ಷಗಳಲ್ಲಿ ಅವರಿಗೆ ಎದುರು ಮಾತಾಡಿದ್ದು ಅದು ಎರಡನೆಯ ಸಲ. ಆ ವಾಕ್ಯ ಇಲ್ಲದೆ ನಾನು ಸಹಿ ಹಾಕುವುದಿಲ್ಲ ಎಂದು ಕೂತೆ. ಐದು ಸಲ ಹೊಡೆದರು, ಐದು ಸಲ ಬರೆದೆ. ಕೊನೆಗೆ ಅಚ್ಚಾಯಿತು.

ಅಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ. ಅಚ್ಚಾದ ಪುಟವನ್ನು ತೆಗೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಅದೇ ಬಸ್ಸು ಹತ್ತಿದೆ. ಜೀವಮಾನದಲ್ಲಿ ಮೊದಲ ಸಲ ಓಕಳಿಪುರಂ ಸ್ಟಾಪಿನಲ್ಲಿ ಇಳಿದೆ. ರೈಲುಹಳಿಯ ಪಕ್ಕದ ಗಲ್ಲಿಯಲ್ಲಿ ಮನೆ. ಒಳಗೆ ಕಾಲಿಡುತ್ತಿದ್ದಂತೆ ಅಟ್ಟಕ್ಕೆ ನೆತ್ತಿ ಹೊಡೆಯಿತು. ಸಂಘಮಿತ್ರ ಮೊದಲ ಸಲ ನನ್ನೆದುರು ಜೋರಾಗಿ ನಕ್ಕಳು. "ಹೇಳಿದ್ನಲ್ಲ ಮೇಡಂ" ಎಂದು ಕುರ್ಚಿ ಹಾಕಿ ಟೀ ಮಾಡಲು ಹೋದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವಳ ತಂದೆ ಕೂತಿದ್ದರು. ಹಳಿಗಳ ಮೇಲೆ ನಡೆದು ನಡೆದು ಮಂಡಿ ಸವೆದಿದ್ದರಿಂದ ಏಳಲು ಕಷ್ಟವಿತ್ತು, ಆದರೂ ಎದ್ದು ಕೈಮುಗಿದರು. ನಾನು ಪುಟವನ್ನು ಅವರ ಕೈಗೆ ಕೊಟ್ಟೆ.

"ಇಂಗ್ಲಿಷಲ್ಲಿದೆ. ಏನ್ ಬರ್ದಿದೆ ಮೇಡಂ ಇದ್ರಲ್ಲಿ?"

"ನಿಮ್ಮ ಮಗಳ ಕೈ ಶುದ್ಧವಾಗಿತ್ತು ಅಂತ ಬರ್ದಿದೆ."

ಅವರು ಪುಟವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಬೇರೆ ಯಾರದೋ ಪ್ರಬಂಧವಿತ್ತು.

"ನಾವು ದಿನಾ ಬೆಳಿಗ್ಗೆ ಹಳಿ ಮೇಲೆ ನಡ್ಕೊಂಡು ಹೋಗಿ ಒಂದೊಂದು ಬೋಲ್ಟೂ ಬಡಿದು ನೋಡ್ತಿದ್ವಿ. ನಿನ್ನೆ ನೋಡಿದೀವಿ ಅಂತ ಇವತ್ತು ಬಿಡ್ತಿರ್ಲಿಲ್ಲ" ಎಂದರು. ದೂರುವ ಧ್ವನಿಯಲ್ಲ, ತಮ್ಮ ಕೆಲಸದ ರೀತಿ ಹೇಳಿದರು, ಅಷ್ಟೆ. ಆಮೇಲೆ ಪುಟವನ್ನು ಮಡಿಸದೆ ಜೋಪಾನವಾಗಿ ತೊಡೆಯ ಮೇಲಿಟ್ಟುಕೊಂಡು ಕೇಳಿದರು:

"ಇದೊಂದ್ ಸಾಲು ಬರಿಯೋಕೆ ನಾಲ್ಕು ವರ್ಷ ಬೇಕಾಯ್ತಾ ಮೇಡಂ?"

ಒಳಗಿನಿಂದ ಸಂಘಮಿತ್ರ ಟೀ ತಂದಳು. ಲೋಟ ಹಿಡಿದ ಬೆರಳುಗಳ ಸಂದಿಯಲ್ಲಿ ಬಿರುಕುಗಳು ಮಾಯುತ್ತ ಬಂದಿದ್ದವು, ಕಲೆ ಉಳಿದಿತ್ತು. ಅಷ್ಟರಲ್ಲಿ ಟ್ರೈನೊಂದು ಬಂತು. ಪಾತ್ರೆಗಳು ಅಲುಗಾಡಿದವು, ಯಾರ ಮಾತೂ ಯಾರಿಗೂ ಕೇಳಿಸುವಂತಿರಲಿಲ್ಲ. ಉದ್ದನೆಯ ಟ್ರೈನು ಅದು. ಅದು ಹೋಗಿ ಸದ್ದು ಪೂರ್ತಿ ಅಡಗಿದ ಮೇಲೂ ಅವರು ನನ್ನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದರು.